ಕೊಡೆ ತರಬೇಡ, ಟಾರ್ಚ್ ತಾ

ಪ್ರೀತಿಯ ಗೆಳೆಯ,

ಟಿಕೆಟ್ ತೆಗೆದೆ ಎಂದು ನೀನು ಕಳಿಸಿದ ಒಂದು ಸಾಲಿನ ಸಂದೇಶ ಓದಿ ನಾನು ಮಾಡಿದ ಮೊದಲ ಕೆಲಸ ಎಕ್ಸೆಲ್ ತೆರೆದದ್ದು. ನಗಬೇಡ. ಅಮೆರಿಕದ ಹಿಲ್ಸ್‌ಬರೋದಂಥ ಚಿಪ್ ತಯಾರಿಸುವ ಊರಿನಲ್ಲಿ ಹದಿನಾಲ್ಕು ವರ್ಷ ಕಳೆದವನಿಗೆ ಸಂತೋಷವನ್ನು ಕೂಡ ಚೌಕದ ಮನೆಗಳಲ್ಲಿ ತುಂಬಿಸಿಟ್ಟರೇ ನೆಮ್ಮದಿ. ಮೇ ತಿಂಗಳ ಮೂರನೆಯ ವಾರ, ಐದು ದಿನ, ಕೊಲಂಬಿಯಾ ನದಿಯ ಕಮರಿಯಲ್ಲಿ ನಾಲ್ಕು ಚಾರಣ, ನಡುವೆ ನಿನ್ನ ಮಂಡಿಗೆ ಒಂದು ದಿನ ರಜೆ. ಜೊತೆಗೆ ಹನ್ನೊಂದು ನಿಯಮಗಳು.

ಇದನ್ನು ಎಲ್ಲರೂ ಓದುವ ಕಡೆ ಹಾಕುತ್ತಿರುವುದಕ್ಕೆ ಹೇಳಿಕೊಳ್ಳುವಂಥ ಕಾರಣವೊಂದಿದೆ: ಬೇಸಿಗೆಯಲ್ಲಿ ಮಕ್ಕಳ ಮನೆಗೆಂದು ಈ ಕಡೆ ಬರುವ ನಮ್ಮವರಿಗೂ ಉಪಯೋಗವಾಗಲಿ. ನಿಜವಾದ ಕಾರಣ ಬೇರೆ. ಖಾಸಗಿಯಾಗಿ ಕಳಿಸಿದ್ದನ್ನು ನೀನು ಓದುವುದಿಲ್ಲ. ನಾಲ್ಕು ಜನ ನೋಡುತ್ತಿದ್ದರೆ ಓದಿದಂತೆ ನಟಿಸುವ ಮರ್ಯಾದೆಯಾದರೂ ನಿನ್ನಲ್ಲಿದೆ. ಅಂದ ಹಾಗೆ ಆ ನಾಲ್ವರಲ್ಲಿ ಅಮ್ಮನೂ ಒಬ್ಬಳು. ನಾನು ಏನು ಹಾಕಿದರೂ ಓದುವ ಮೊದಲೇ ಹೃದಯ ಒತ್ತುತ್ತಾಳೆ. ಆದ್ದರಿಂದ ಬಾಳೆಕೊನೆಯ ಪ್ರಸಂಗವನ್ನು ಯಾರೂ ಎತ್ತತಕ್ಕದ್ದಲ್ಲ.

ಮೊದಲು ಜಾಗದ ವಿಚಾರ. ಕ್ಯಾಸ್ಕೇಡ್ ಪರ್ವತಸಾಲನ್ನು ಅಡ್ಡಡ್ಡ ಸೀಳಿಕೊಂಡು ಕೊಲಂಬಿಯಾ ಹರಿಯುತ್ತದೆ. ದಕ್ಷಿಣ ದಡ ಒರೆಗಾನ್ ರಾಜ್ಯ, ಉತ್ತರ ದಡ ವಾಷಿಂಗ್ಟನ್ ರಾಜ್ಯ. ಕಮರಿಯ ಉದ್ದ ಸುಮಾರು 80 ಮೈಲಿ, ಆಳ ಕೆಲವೆಡೆ 4,000 ಅಡಿ. ಗೋಡೆಗಳೆಲ್ಲ ಲಾವಾ ಹರಿದು ಆರಿದ ಕಪ್ಪು ಕಲ್ಲು. ಹಿಮಯುಗದ ಕೊನೆಯಲ್ಲಿ, ದೂರದ ಮೊಂಟಾನಾದಲ್ಲಿ ನೀರನ್ನು ತಡೆದು ನಿಂತಿದ್ದ ಹಿಮದ ಕಟ್ಟೆ ಮತ್ತೆ ಮತ್ತೆ ಒಡೆದು, ಆ ಪ್ರವಾಹಗಳು ಇಕ್ಕೆಲದ ಇಳಿಜಾರನ್ನು ಕೆತ್ತಿಕೊಂಡು ಹೋದವು. ಹಾಗಾಗಿ ಪಕ್ಕದ ಹಳ್ಳಗಳೆಲ್ಲ ನದಿಗೆ ಇಳಿದು ಬರಲು ಆಗದೆ ಮೇಲಿನಿಂದಲೇ ಧುಮುಕುತ್ತವೆ. ಪಡುವಣದ ಕ್ಯಾಸ್ಕೇಡ್ ಲಾಕ್ಸ್‌ನಲ್ಲಿ ವರ್ಷಕ್ಕೆ ಸುಮಾರು 75 ಇಂಚು ಮಳೆ. ಅಲ್ಲಿಂದ ಕಾರಿನಲ್ಲಿ ಒಂದು ಗಂಟೆಯೂ ಆಗದ ದಿ ಡ್ಯಾಲ್ಸ್‌ನಲ್ಲಿ 14 ಇಂಚು. ಆಗುಂಬೆಯಲ್ಲಿ ಕಾಫಿ ಕುಡಿದು ಹೊರಟು, ಬಾಯಿಯ ರುಚಿ ಆರುವ ಮೊದಲೇ ಚಳ್ಳಕೆರೆ ಸೇರಿದಂತೆ.

ಮೊದಲ ದಿನ ನಿನಗೆ ನಿದ್ದೆ ಎಚ್ಚರಗಳ ವ್ಯತ್ಯಾಸ ತಿಳಿಯದ ಸ್ಥಿತಿ. ಕ್ರೌನ್ ಪಾಯಿಂಟ್‌ನ ಮೇಲೆ, ನದಿಯಿಂದ 733 ಅಡಿ ಎತ್ತರದಲ್ಲಿ, 1918ರಲ್ಲಿ ಕಟ್ಟಿದ ವಿಸ್ತಾ ಹೌಸ್ ಇದೆ. ಅಲ್ಲಿ ನಿಂತು ಇಡೀ ಕಮರಿ ನೋಡಿಬಿಟ್ಟು ಲಟೊರೆಲ್ ಜಲಪಾತದ ಸಣ್ಣ ಸುತ್ತು ಹಾಕಿದರೆ ಸಾಕು. ಕ್ರೌನ್ ಪಾಯಿಂಟ್‌ನ ಗಾಳಿಗೆ ಕಾರಿನ ಬಾಗಿಲನ್ನೇ ಎರಡು ಕೈಯಲ್ಲಿ ಹಿಡಿಯಬೇಕು. ಕೊಡೆ ಬೇಡ ಎಂದದ್ದು ಅದಕ್ಕೇ. ಮೇಷ್ಟ್ರ ಕೊಡೆಯಾದರೂ ಸರಿ, ಬೇಡ.

ಎರಡನೆಯ ದಿನ ಮಲ್ಟ್‌ನೋಮಾ. 620 ಅಡಿ, ಎರಡು ಹಂತ. ನೀನು ಸೊಂಟದ ಮೇಲೆ ಕೈಯಿಟ್ಟು “ಜೋಗದ ಮುಂದೆ ಇದೆಂಥದು ಮಾರಾಯ” ಎನ್ನುತ್ತೀಯೆ. ಜೋಗ 830 ಅಡಿ, ಒಪ್ಪಿದೆ. ಆದರೆ ಇಲ್ಲಿ ವರ್ಷವಿಡೀ ನೀರಿರುತ್ತದೆ, ಯಾರೂ ಗೇಟು ತೆಗೆಯಬೇಕಾಗಿಲ್ಲ. ಬೆಳಿಗ್ಗೆ ಬೇಗ ಹೋಗದಿದ್ದರೆ ವಾಹನ ನಿಲ್ಲಿಸಲು ಜಾಗ ಸಿಗುವುದಿಲ್ಲ. ಇಷ್ಟು ಸಾಕು, ಉಳಿದದ್ದನ್ನು ಅಂಚೆ ಕಾರ್ಡಿನಲ್ಲೂ ನೋಡಬಹುದು.

ಡಾಗ್ ಮೌಂಟನ್‌ಗೆ ಮಾತ್ರ ಹೊಟ್ಟೆ ಕರಗಿಸಿಕೊಂಡು ಬಾ. ಮೂರು ಮೈಲಿ ನಡೆಯುವಷ್ಟರಲ್ಲಿ 2,800 ಅಡಿ ಏರಬೇಕು, ಉಸಿರು ಬಿಡಲು ಸಮತಟ್ಟು ಎಂಬುದೇ ಇಲ್ಲ. ವಸಂತದ ಶನಿವಾರ, ಭಾನುವಾರಗಳಲ್ಲಿ ಮೊದಲೇ ಪರವಾನಗಿ ಪಡೆಯಬೇಕಾದ್ದರಿಂದ ವಾರದ ನಡುವೆ ಇಟ್ಟಿದ್ದೇನೆ. ಮೇ ತಿಂಗಳಲ್ಲಿ ಅಲ್ಲಿ ಬಾಲ್ಸಮ್‌ರೂಟ್ ಎಂಬ ಹಳದಿ ಹೂ ಬಿಡುತ್ತದೆ. ಹುಚ್ಚೆಳ್ಳಿನ ಹೊಲವೊಂದು ಎದ್ದು ಗುಡ್ಡ ಹತ್ತಿದಂತೆ. ಮೇಲೆ ಗಾಳಿ ವಿಪರೀತ. ಬೆವರಿದ ಮೈಗೆ ಚಳಿ ಹೊಕ್ಕಿತೆಂದರೆ ಕಷ್ಟ, ಚೀಲದಲ್ಲಿ ಒಂದು ಒಣ ಅಂಗಿ ಇರಲೇಬೇಕು. ಇದು ಎರಡನೆಯ ನಿಯಮ.

ರಜೆಯ ದಿನ ಕಾರಿನಲ್ಲಿ ಪೂರ್ವಕ್ಕೆ ಹೋಗಿ ಸಿಲೈಲೋ ನೋಡೋಣ. ನೋಡಲು ಏನೂ ಇಲ್ಲ, ನಿಂತ ನೀರು. ಅಲ್ಲೊಂದು ಜಲಪಾತವಿತ್ತು. ಈ ನೆಲದ ಮೂಲನಿವಾಸಿಗಳು ಸಾವಿರಾರು ವರ್ಷ ಅಲ್ಲಿ ಸಾಲ್ಮನ್ ಹಿಡಿಯುತ್ತಿದ್ದರು. 1957ರ ಮಾರ್ಚ್ 10ರಂದು ದಿ ಡ್ಯಾಲ್ಸ್ ಅಣೆಕಟ್ಟಿನ ಗೇಟುಗಳನ್ನು ಇಳಿಸಿದರು. ಕೆಲವೇ ಗಂಟೆಗಳಲ್ಲಿ ಎಲ್ಲವೂ ಮುಳುಗಿತು. ಅಪ್ಪ ಬಂದಿದ್ದಾಗ ಕರೆದುಕೊಂಡು ಹೋಗಿದ್ದೆ. ಲಿಂಗನಮಕ್ಕಿ ತುಂಬಿದಾಗ ಅವನಿಗೆ ಹನ್ನೊಂದು ವರ್ಷ. ಫಲಕದ ಮೇಲಿದ್ದದ್ದನ್ನು ನಾನು ಓದಿ ಹೇಳಿದೆ. ಅವನು ಬಹಳ ಹೊತ್ತು ನೀರು ನೋಡಿ, “ಇವರಿಗೆ ಎಲ್ಲಿ ಜಾಗ ಕೊಟ್ಟರು?” ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ. ನೋಡಿ ಹೇಳುತ್ತೇನೆ ಎಂದು ಮೊಬೈಲ್ ತೆಗೆದೆ. ಮುಳುಗಡೆಯವರ ಮಗನಾಗಿ ನಾನು ಕೇಳಬೇಕಾಗಿದ್ದ ಪ್ರಶ್ನೆ ಅದು. ಕೇಳಿರಲಿಲ್ಲ.

ಕೊನೆಯ ದಿನ ಈಗಲ್ ಕ್ರೀಕ್. ಬಂಡೆಯ ಎದೆಯನ್ನು ಕಡಿದು ಮಾಡಿದ ಕಾಲುದಾರಿ. ಒಂದು ಪಕ್ಕ ಗೋಡೆ, ಇನ್ನೊಂದು ಪಕ್ಕ ಪ್ರಪಾತ, ಹಿಡಿಯಲು ಗೋಡೆಗೆ ಹೊಡೆದ ಉಕ್ಕಿನ ಹಗ್ಗ. ಆರು ಮೈಲಿ ಒಳಗೆ ಹೋದರೆ ಜಲಪಾತದ ಬೆನ್ನಿನ ಸುರಂಗದಲ್ಲಿ ನಡೆಯಬಹುದು. ನಾವು ಹೋಗುವುದಿಲ್ಲ. ಎರಡು ಮೈಲಿಗೆ ಪಂಚ್‌ಬೌಲ್ ಜಲಪಾತ, ಅಲ್ಲಿ ಪುಳಿಯೋಗರೆ, ಅಲ್ಲಿಂದ ವಾಪಸು. ಮೇಲಿನಿಂದ ನೀರಿಗೆ ಹಾರುವವರನ್ನು ಕಂಡು ನಿನಗೆ ಹಳೆಯ ಹುರುಪು ಬಂದರೆ ನೆನಪಿಡು: ಆ ನೀರು ಕರಗಿದ ಹಿಮ, ಹಾರಿದವರು ಸತ್ತದ್ದೂ ಇದೆ.

2017ರ ಸೆಪ್ಟೆಂಬರ್ 2ರಂದು ಇದೇ ದಾರಿಯಲ್ಲಿ ಹದಿನೈದು ವರ್ಷದ ಹುಡುಗನೊಬ್ಬ ಕಣಿವೆಗೆ ಪಟಾಕಿ ಎಸೆದ. ಒಣಗಿದ ಕಾಡು. ಬೆಂಕಿಯ ಆಚೆ ಸಿಕ್ಕಿಬಿದ್ದ ಸುಮಾರು ನೂರೈವತ್ತು ಜನ ಚಾರಣಿಗರು ಕಾಡಿನಲ್ಲೇ ರಾತ್ರಿ ಕಳೆದು, ಮರುದಿನ ಬೇರೆ ದಾರಿಯಲ್ಲಿ ನಡೆದು ಹೊರಬಂದರು. ಬೆಂಕಿ ನದಿ ದಾಟಿ ಆಚೆ ದಡಕ್ಕೂ ಹಾರಿತು. ಸುಟ್ಟದ್ದು 48,000 ಎಕರೆಗೂ ಮೇಲೆ. ನ್ಯಾಯಾಲಯ ಆ ಹುಡುಗನಿಗೆ 1,920 ಗಂಟೆಗಳ ಸಮುದಾಯ ಸೇವೆ ವಿಧಿಸಿತು, ಸಿಕ್ಕಿಬಿದ್ದವರಿಗೆಲ್ಲ ಕ್ಷಮೆ ಕೇಳಿ ಪತ್ರ ಬರೆಯಬೇಕೆಂದಿತು. ಕರಿಕಲಾದ ಕಾಂಡಗಳು ಈಗಲೂ ನಿಂತಿವೆ, ಬುಡದಲ್ಲಿ ಹಸಿರು.

ಇನ್ನು ಉಳಿದ ನಿಯಮಗಳು. ಮೂರೆಲೆಯ ಪಾಯ್ಸನ್ ಓಕ್ ಮುಟ್ಟಬೇಡ. ಅದು ಮಾವು, ಗೇರಿನ ಕುಲದ್ದೇ. ಹಸಿ ಗೇರುಬೀಜ ಕಚ್ಚಿ ನಿನ್ನ ತುಟಿ ಬಾತದ್ದು ನೆನಪಿದ್ದರೆ ವಿವರಣೆ ಬೇಡ. ಇಂಬಳ ಇಲ್ಲ, ಆದರೆ ಪೂರ್ವದ ಹುಲ್ಲುಗಾವಲಿನಲ್ಲಿ ಉಣುಗು ಇವೆ. ಮಂಗನ ಕಾಯಿಲೆಯ ಕ್ಯಾಸನೂರಿನ ಪಕ್ಕ ಹುಟ್ಟಿದವನಿಗೆ ಉಣುಗಿನ ಪಾಠ ನಾನು ಹೇಳಬೇಕೆ? ಅಲ್ಲೇ ಬಂಡೆಗಳ ಸಂದಿಯಲ್ಲಿ ಗಿಲಕಿ ಹಾವೂ ಇರುತ್ತದೆ, ಕಾಣದ ಕಡೆ ಕೈ ಹಾಕಬೇಡ. ಹಳ್ಳದ ನೀರು ಎಷ್ಟು ತಿಳಿಯಾಗಿದ್ದರೂ ಕುಡಿಯಬೇಡ. ಕಾರಿನಲ್ಲಿ ಚೀಲ ಕಾಣುವಂತೆ ಇಡಬೇಡ, ಗಾಜು ಒಡೆಯುತ್ತಾರೆ. ಒಳಗೆ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ. ಎಲ್ಲಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಬರುತ್ತೇವೆ ಎಂದು ಮನೆಯಲ್ಲಿ ಬರೆದಿಟ್ಟು ಹೋಗಬೇಕು. ಹಿಂದಿರುಗುವ ಗಂಟೆಯನ್ನು ಹೊರಡುವ ಮೊದಲೇ ಗೊತ್ತುಮಾಡಬೇಕು. ತುದಿ ನೂರು ಹೆಜ್ಜೆ ಇದ್ದರೂ ಆ ಗಂಟೆಗೆ ತಿರುಗಬೇಕು.

ಏಳನೆಯ ನಿಯಮ: ಗುಂಪಿನಲ್ಲಿ ಎಲ್ಲರಿಗಿಂತ ನಿಧಾನದವನು ಮುಂದೆ ನಡೆಯಬೇಕು.

ಪುಸ್ತಕಗಳಲ್ಲೂ ಇದು ಸಿಗುತ್ತದೆ. ನಾನು ಬರೆದದ್ದು ಅಲ್ಲಿ ನೋಡಿ ಅಲ್ಲ.

ಆ ಫೋಟೊ ನಿನಗೆ ನೆನಪಿರಬಹುದು. ಎರಡು ವರ್ಷದ ಹಿಂದಿನ ಅಕ್ಟೋಬರ್, ಏಂಜೆಲ್ಸ್ ರೆಸ್ಟ್ ಬಂಡೆಯ ತುದಿ, ಕೆಳಗೆ ನದಿ ಉಜ್ಜಿಟ್ಟ ಹಿತ್ತಾಳೆಯ ಹರಿವಾಣದಂತೆ. “ಅಪ್ಪನೊಂದಿಗೆ ಒಂದು ಸಂಜೆ” ಎಂದು ಬರೆದಿದ್ದೆ. “ಪುಣ್ಯವಂತ” ಎಂದು ನೀನು ಅದರ ಕೆಳಗೆ ಬರೆದಿದ್ದೆ. ಬಹಳ ಜನ ಮೆಚ್ಚಿದರು. ಫೋಟೊದಲ್ಲಿ ಅಪ್ಪ ಎಲ್ಲಿ ಎಂದು ಒಬ್ಬರೂ ಕೇಳಲಿಲ್ಲ. ಅಪ್ಪನೇ ತೆಗೆದಿರಬೇಕು ಎಂದುಕೊಂಡಿರಿ.

ಅಪ್ಪ ಒಂದೂಮುಕ್ಕಾಲು ಮೈಲಿ ಕೆಳಗಿದ್ದ.

ಅವನು ನಡೆಯಲಾರದವನಲ್ಲ, ನಿನಗೆ ಗೊತ್ತು. ಆದರೆ ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದ. ಸುಟ್ಟ ಮರ ಮುಟ್ಟಿ ನೋಡುವುದು, ಜರೀಗಿಡದ ಎಲೆ ಮಗುಚಿ ನೋಡುವುದು, ಹಾವಸೆ ಕಿತ್ತು ಮೂಸುವುದು. ಸೂರ್ಯಾಸ್ತ 6 ಗಂಟೆ 20 ನಿಮಿಷಕ್ಕೆ. ನಾನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ. “ಬೇಗ ಬಾ ಅಪ್ಪ” ಎಂದು ಮೂರು ಸಲ ಹೇಳಿದೆ. ಮೂರನೆಯ ಸಲ ಹೇಳಿದ್ದು ಕೆಲಸದವರಿಗೆ ಹೇಳುವ ದನಿಯಲ್ಲಿ. ಕೂಪಿ ಹಳ್ಳದ ಮರದ ಸೇತುವೆ ಬಂದಾಗ, “ನೀನು ಹೋಗಿ ಬಾ, ನಾನು ಇಲ್ಲೇ ನೀರು ನೋಡುತ್ತ ಕೂರುತ್ತೇನೆ” ಎಂದ. ಕಾಲು ನೋವಿಗೆ ಅಂದದ್ದಲ್ಲ, ನನ್ನ ದನಿಗೆ ಅಂದದ್ದು. ನನಗೆ ಅದು ತಿಳಿದಿತ್ತು. ತಿಳಿದೂ ಹೋದೆ. ಹೋಗುವಾಗ ಹಗುರವೆನಿಸಿತು.

ಇಳಿದು ಬರುವಾಗ ಪೂರ್ತಿ ಕತ್ತಲು. ಕೈಯಲ್ಲಿ ಮೊಬೈಲ್ ಬೆಳಕು, ಅದೂ ಉಸಿರು ಹಿಡಿದಿತ್ತು. ಸೇತುವೆಯ ಮೇಲೆ ಅಪ್ಪ ಇಲ್ಲ. ಕೆಳಗೆ ಕಾರಿನ ತನಕ ಓಡಿದೆ, ಅಲ್ಲೂ ಇಲ್ಲ. ಮತ್ತೆ ಮೇಲೆ ಬಂದೆ. ಈಗ ಹೇಳಲು ಹೊರಟಿರುವುದನ್ನು ಹೆಂಡತಿಗೂ ಹೇಳಿಲ್ಲ. ನಾನು ಕೂಗಲಿಲ್ಲ. ತಲೆಗೆ ದೀಪ ಕಟ್ಟಿಕೊಂಡ ಒಂದೆರಡು ಗುಂಪುಗಳು ಇಳಿದು ಬರುತ್ತಿದ್ದವು. ಅವರೆದುರು ಗಂಟಲು ಬಿಚ್ಚಿ “ಅಪ್ಪಾ” ಎಂದು ಕೂಗಲು ನನಗೆ ನಾಚಿಕೆಯಾಯಿತು. ಒಬ್ಬಾಕೆ ನಿಂತು, ಎಲ್ಲ ಸರಿಯಿದೆಯೇ ಎಂದು ಕೇಳಿದಳು. ನಕ್ಕು, ಸರಿಯಿದೆ ಎಂದೆ. ಅವರು ದೀಪಗಳೊಂದಿಗೆ ಹೊರಟುಹೋದರು.

ಆಮೇಲೆ ಪಕ್ಕದ ಇಳಿಜಾರಿನ ಕತ್ತಲಿನಿಂದ ಒಂದು ಕೂ ಬಂತು. ತೋಟದ ಆಚೆ ದರೆಯಲ್ಲಿದ್ದವರನ್ನು ಊಟಕ್ಕೆ ಕರೆಯಲು ಹಾಕುತ್ತೇವಲ್ಲ, ಅದೇ ಕೂ. ಜನ ಓಡಾಡಿ ಸವೆದ ಒಳದಾರಿಯೊಂದನ್ನು ನಿಜವಾದ ದಾರಿಯೆಂದು ಭಾವಿಸಿ ಇಳಿದಿದ್ದ. ತಪ್ಪಿದೆ ಎಂದು ತಿಳಿದ ಕೂಡಲೇ ಇದ್ದಲ್ಲೇ ಕೂತಿದ್ದ. ಕರಿಕಲು ಮರಕ್ಕೆ ಒರಗಿದ್ದರಿಂದ ಮಂಕಿ ಟೋಪಿಯೆಲ್ಲ ಮಸಿ. ನನ್ನನ್ನು ನೋಡಿ, “ಬಂದೆಯಾ? ನೀನೆಲ್ಲಿ ದಾರಿ ತಪ್ಪಿದೆಯೋ ಎಂದು ಕೂ ಹಾಕಿದೆ” ಎಂದ.

ಮರುದಿನ ಬೆಳಿಗ್ಗೆ ನಾನು ಆ ಫೋಟೊ ಹಾಕಿದೆ.

ನವೆಂಬರ್‌ನಲ್ಲಿ ಇಲ್ಲಿನ ಗೆಳೆಯರು ಸೇರಿ ರಾಜ್ಯೋತ್ಸವ ಮಾಡಿದಾಗ ಅಪ್ಪ ಅಮೆರಿಕದ ಕಾಡಿನಲ್ಲಿ ಕಳೆದುಹೋದ ಕಥೆಯನ್ನು ಮೈಕ್ ಹಿಡಿದು ಅಭಿನಯ ಸಮೇತ ಹೇಳಿದೆ. ಜನ ಬಿದ್ದು ಬಿದ್ದು ನಕ್ಕರು. ಅಪ್ಪ ಎರಡನೆಯ ಸಾಲಿನಲ್ಲಿ ಕೂತಿದ್ದ. ಅವನೂ ನಕ್ಕ.

ಈಗಲ್ ಕ್ರೀಕ್‌ನ ಆ ಹುಡುಗ ಬರೆದಷ್ಟು ಪತ್ರ ನಾನು ಬರೆಯಬೇಕಾಗಿಲ್ಲ, ಒಂದು ಸಾಕಿತ್ತು. ಅದನ್ನೂ ತಪ್ಪು ವಿಳಾಸಕ್ಕೆ ಬರೆಯುತ್ತಿದ್ದೇನೆ.

ಸರಿ ಬಿಡು. ಚಾರಣದ ಪಟ್ಟಿ ಕೊಡುತ್ತೇನೆಂದು ಕೂರಿಸಿ ಹರಿಕಥೆ ಮಾಡಿದ್ದಕ್ಕೆ ತಟ್ಟೆಕಾಸು ಹಾಕಬೇಕಾಗಿಲ್ಲ. ನೀನು ಓದುವ ಹೊತ್ತಿಗೆ ಅಮ್ಮ ಹೃದಯ ಒತ್ತಿಯಾಗಿರುತ್ತದೆ. ಆದರೆ ಅವಳು ನಿಜವಾಗಿ ಓದುವುದು ಮಧ್ಯಾಹ್ನ ಊಟವಾದ ಮೇಲೆ, ಕನ್ನಡಕ ಹಾಕಿಕೊಂಡು, ಜಗಲಿಯಲ್ಲಿ, ಗಟ್ಟಿಯಾಗಿ, ಅಡಿಕೆ ಕತ್ತರಿಸುತ್ತ ಕೂತ ಅಪ್ಪನಿಗೆ ಕೇಳುವಂತೆ. ಅಂದರೆ ಇದನ್ನು ಅಳಿಸಲು ನನಗೆ ಇನ್ನೂ ಕೆಲವು ಗಂಟೆ ಉಳಿದಿವೆ. ಅಷ್ಟರಲ್ಲಿ ನಿನ್ನ ಕಣ್ಣಿಗೆ ಬಿದ್ದಿದ್ದರೆ ಅದೃಷ್ಟ ನಿನ್ನದು.

ಬರುವಾಗ ತರಬೇಕಾದದ್ದು: ತಲೆಗೆ ಕಟ್ಟುವ ಟಾರ್ಚ್, ಒಂದಲ್ಲ ಎರಡು, ಬೇರೆ ಬ್ಯಾಟರಿ ಸಹಿತ. ಇಲ್ಲಿ ಸಿಗುವುದಿಲ್ಲವೆಂದಲ್ಲ, ನೀನು ತಂದರೆ ನೀನು ಹೊರುತ್ತೀಯೆ. ಅಡಿ ಸವೆಯದ ಶೂ. ಅಪ್ಪೆಮಿಡಿ ಉಪ್ಪಿನಕಾಯಿ, ಮೂರು ಪದರ ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಬಟ್ಟೆಗಳಿಂದ ದೂರ ಇಟ್ಟು. ಹೋದ ಸಲ ತಂದವನ ಅಂಗಿಗಳಿಗೆ ಇಡೀ ಒರೆಗಾನ್ ಬಾಯಲ್ಲಿ ನೀರೂರಿಸಿಕೊಂಡಿತ್ತು.

ಮಂಡಿ ಹೇಗಿದೆ ಎಂಬುದನ್ನು ಮಾತ್ರ ಸುಳ್ಳಿಲ್ಲದೆ ಬರೆ. ಯಾರು ಮುಂದೆ ನಡೆಯಬೇಕು ಎಂಬ ಮನೆ ಎಕ್ಸೆಲ್‌ನಲ್ಲಿ ಇನ್ನೂ ಖಾಲಿ ಇದೆ.

ನಿನ್ನ,
ಪುಣ್ಯವಂತ