ಮಿಕ್ಸಿ ಉಳಿಸಿದ ಹಿರಿಯರಿಗೆ

ಕಳೆದ ಶನಿವಾರ ಪಾತ್ರೆ ಅಂಗಡಿಯಲ್ಲಿ ಹೊಸ ಮಿಕ್ಸಿಗೆ ದುಡ್ಡು ಕೊಡಲು ನಿಂತಿದ್ದೆ. ಹಳೆಯದಕ್ಕೆ 9 ವರ್ಷ. ದೋಸೆಹಿಟ್ಟು ರುಬ್ಬುವಾಗ ಕಿಡಿ ಹಾರಿ, ಸುಟ್ಟ ವಾಸನೆ ಬಂದು ನಿಂತಿತ್ತು. ರಿಪೇರಿಯವರು "ಮೋಟರ್ ಹೋಯ್ತು" ಅಂದಿದ್ದರು, ಬಿಚ್ಚಿಯೂ ನೋಡದೆ.

ಪಕ್ಕದಲ್ಲಿ ಕುಕ್ಕರ್ ಗ್ಯಾಸ್ಕೆಟ್ ಕೊಳ್ಳುತ್ತಿದ್ದ ನೀವು ತಡೆದಿರಿ. "ಮೊದಲು ತಳದ ಕೆಂಪು ಗುಂಡಿ ಒತ್ತಿ ನೋಡಮ್ಮ. ಲೋಡ್ ಜಾಸ್ತಿ ಆದ್ರೆ ಅದೇ ಕರೆಂಟ್ ಕಡಿಯುತ್ತೆ. ಆಮೇಲೂ ಕಿಡಿ ಬಂದ್ರೆ ಮೋಟರಿನ ತಿರುಗೋ ಭಾಗಕ್ಕೆ ಕರೆಂಟ್ ಮುಟ್ಟಿಸೋ ಕಾರ್ಬನ್ ಬ್ರಷ್ ಸವೆದಿರಬಹುದು. ಮೋಟರ್ ಕಾಯಿಲ್ ಸುಟ್ಟಿದ್ರೆ ಮಾತ್ರ ಹೊಸದರ ಯೋಚನೆ ಮಾಡು."

ಬೇರೆ ಕಡೆ ಬಿಚ್ಚಿಸಿದೆ. ಬ್ರಷ್ಷೇ ಸವೆದಿತ್ತು. ಬೆರಳುಗುರಿನಷ್ಟು ತುಂಡು! ಜೋಡಿಗೆ ಕೂಲಿ ಸೇರಿ 180 ರೂಪಾಯಿ. ಪಾತ್ರೆ ಅಂಗಡಿಯವರ ಮುಖ ಅವತ್ತು ಸಪ್ಪಗಾಗಿದ್ದು ನನಗೂ ಕಂಡಿತು, ಇರಲಿ ಬಿಡಿ.

ಗಡಿಬಿಡಿಯಲ್ಲಿ ಹೆಸರು ಕೇಳಲಿಲ್ಲ. ತುಂಬಾ ಥ್ಯಾಂಕ್ಸ್ ಅಂಕಲ್. ಇವತ್ತು ನಮ್ಮನೆಯಲ್ಲಿ ದೋಸೆ.