‘ಇವತ್ತು ಆಗಲ್ಲ’ ಎಂದವರಿಗೂ ನಮಸ್ಕಾರ

ಮಳೆಗಾಲ ಮುಗಿಯಿತು, ಡೆಂಗಿ ವಾರ್ಡುಗಳು ಖಾಲಿಯಾಗುತ್ತಿವೆ. ಈ ನಾಲ್ಕು ತಿಂಗಳು ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಲು ನೆರವಾಗುವ, ಡೆಂಗಿಯಲ್ಲಿ ಇಳಿಯುವ ಕಣ) ಕೊಟ್ಟವರಿಗೆಲ್ಲ ನಮ್ಮ ರಕ್ತದಾನಿಗಳ ಬಳಗದ ಕೃತಜ್ಞತೆ. ಆದರೆ ಮೊದಲ ನಮಸ್ಕಾರ, ಕೇಳಿದ ಐದೇ ನಿಮಿಷದಲ್ಲಿ ‘ಇವತ್ತು ಆಗಲ್ಲ’ ಎಂದು ನೇರವಾಗಿ ತಿಳಿಸಿದವರಿಗೆ.

ತಮಾಷೆಯಲ್ಲ. ಕೆಂಪು ರಕ್ತಕಣವನ್ನು ಫ್ರಿಜ್ಜಿನಲ್ಲಿ 35 ದಿನವಾದರೂ ಇಡಬಹುದು. ಪ್ಲೇಟ್‌ಲೆಟ್ಟನ್ನು 20ರಿಂದ 24 ಡಿಗ್ರಿಯಲ್ಲಿ, ಸದಾ ಅಲುಗಾಡಿಸುವ ಯಂತ್ರದ ಮೇಲೆ ಇಟ್ಟರೂ ಆಯುಸ್ಸು 5 ದಿನ. ಹಾಗಾಗಿ ದಾಸ್ತಾನು ನಂಬಿ ಕೂರುವಂತಿಲ್ಲ, ಆ ಹೊತ್ತಿಗೆ ಆಳು ಬರಬೇಕು. ‘ಹೊರಟೆ ಸಾರ್, ದಾರೀಲಿದ್ದೀನಿ’ ಎಂದು ಒಬ್ಬರು ಹೇಳಿದರೆ ಸಾಕು, ರೋಗಿಯ ಕಡೆಯವರು ಬೇರೆಯವರನ್ನು ಹುಡುಕುವುದನ್ನು ಬಿಡುತ್ತಾರೆ. ಮೂರು ಗಂಟೆ ಕಳೆದು ಆ ಫೋನು ಸ್ವಿಚ್ ಆಫ್ ಆದರೆ ಹುಡುಕಾಟ ಮತ್ತೆ ಮೊದಲಿಂದ.

‘ಪ್ರಾಣ ಬೇಕಾದ್ರೂ ಕೊಡ್ತೀನಿ’ ಅನ್ನುವವರನ್ನೂ ನಿಜವಾಗಿ ಬರುವವರನ್ನೂ ಗುರುತಿಸುವುದು ಅಂಥ ಕಷ್ಟವೇನಲ್ಲ. ಬರುವವರು ಪ್ರಶ್ನೆ ಕೇಳುತ್ತಾರೆ: ಯಾವ ರಕ್ತನಿಧಿ? ಎಷ್ಟು ಹೊತ್ತಿಗೆ? ತಿಂದು ಬರಲೇ? (ತಿಂದೇ ಬನ್ನಿ. ಖಾಲಿ ಹೊಟ್ಟೆಗೆ ತಲೆ ಸುತ್ತಿದರೆ ಎಲ್ಲರಿಗೂ ಫಜೀತಿ.) ‘ನಿನ್ನೆ ಆಸ್ಪಿರಿನ್ ನುಂಗಿದ್ದೆ’ ಎಂದು ತಾವಾಗಿಯೇ ಹೇಳುತ್ತಾರೆ. ಆ ಮಾತ್ರೆ ಪ್ಲೇಟ್‌ಲೆಟ್‌ಗಳ ಅಂಟಿಕೊಳ್ಳುವ ಗುಣವನ್ನೇ ಕುಂದಿಸುತ್ತದೆ; ತೆಗೆದುಕೊಂಡ ಮೇಲೆ 3 ದಿನ ಕೊಡುವಂತಿಲ್ಲ.

ದಾನಿಯ ರಕ್ತದಿಂದ ಪ್ಲೇಟ್‌ಲೆಟ್ ಮಾತ್ರ ತೆಗೆದು ಉಳಿದದ್ದನ್ನು ಮೈಗೆ ಮರಳಿಸುವ ಯಂತ್ರಕ್ಕೆ ಕಿಟ್ (ಒಮ್ಮೆ ಮಾತ್ರ ಬಳಸುವ ಕೊಳವೆ, ಚೀಲಗಳು) ಜೋಡಿಸಿದ ಮೇಲೆ ಒಂದರಿಂದ ಒಂದೂವರೆ ಗಂಟೆ ಕೂರಬೇಕು. ನಡುವೆ ತುಟಿ ಜುಮುಗುಟ್ಟಬಹುದು. ರಕ್ತ ಹೆಪ್ಪುಗಟ್ಟದಿರಲೆಂದು ಬೆರೆಸುವ ಸಿಟ್ರೇಟ್ ಮೈಯ ಕ್ಯಾಲ್ಸಿಯಂ ಹಿಡಿದುಕೊಳ್ಳುವುದರಿಂದ ಹಾಗಾಗುತ್ತದೆ. ಹೇಳಿದರೆ ಸಿಬ್ಬಂದಿ ವೇಗ ತಗ್ಗಿಸಿ ಕ್ಯಾಲ್ಸಿಯಂ ಮಾತ್ರೆ ಕೊಡುತ್ತಾರೆ. ಹೆದರಿ ಅರ್ಧಕ್ಕೇ ಎದ್ದರೆ ಸಾವಿರಾರು ರೂಪಾಯಿಯ ಕಿಟ್ ಮತ್ತೆ ಬಳಕೆಗೆ ಬಾರದು. ಕೊನೆತನಕ ಕೂತ ಪ್ರತಿಯೊಬ್ಬರಿಗೂ ಶರಣು.

ಹಿಮೋಗ್ಲೋಬಿನ್ 12.5 ಮುಟ್ಟದೆಯೋ, ಸರಿಯಾದ ನರ ಸಿಗದೆಯೋ ವಾಪಸಾದವರೇ, ಬೇಜಾರು ಬೇಡ. ನೀವು ಬಂದಿದ್ದಿರಿ. ಪ್ಲೇಟ್‌ಲೆಟ್ ಸಂಖ್ಯೆ ಇಳಿದ ಮಾತ್ರಕ್ಕೆ ಎಲ್ಲ ರೋಗಿಗಳಿಗೂ ಅದನ್ನು ಹೊರಗಿಂದ ಕೊಡಬೇಕಿಲ್ಲ ಎಂದು ಗಾಬರಿಯಾದ ಮನೆಯವರನ್ನು ಕೂರಿಸಿ ವಿವರಿಸಿದ ವೈದ್ಯರಿಗೂ, ದಾನಿಗಳ ಸಂಬಳ ಹಿಡಿಯದೆ ಶಿಫ್ಟ್ ಬದಲಿಸಿಕೊಟ್ಟ ಮೇಲ್ವಿಚಾರಕರಿಗೂ ಧನ್ಯವಾದ.

ಇನ್ನು ಜೋಡಿ ದಾನಿಗಳು. ಮೊದಲನೆಯವರಿಗೆ ಏನಾದರೂ ತೊಡಕಾದರೆ ಇರಲಿ ಎಂದು ಜೊತೆಗೆ ಬಂದವರು. ಸೂಜಿ ಸೇರಿ ಯಂತ್ರ ಸರಾಗವಾಗಿ ಓಡುವತನಕ ಹೊರಗಿನ ಬೆಂಚಿನ ಮೇಲೆ ಕಾದು, ‘ನಾನು ಬೇಡ ತಾನೇ?’ ಎಂದು ಕೇಳಿಕೊಂಡು ಕೊನೇ ಬಸ್ಸು ಹಿಡಿದವರು. ಇವರ ಹೆಸರು ಯಾವ ರಿಜಿಸ್ಟರಿನಲ್ಲೂ ಇಲ್ಲ, ಸರ್ಟಿಫಿಕೇಟೂ ಸಿಕ್ಕಿಲ್ಲ. ಬರುವ ಮಳೆಗಾಲದ ನಮ್ಮ ಪಟ್ಟಿ ಇವರಿಂದಲೇ ಶುರು.