ಬೆಂಕಿ ಆರಿದ ಮೇಲಿನ ಸುದ್ದಿನೂ ಹಾಕಿ

ಸಂಪಾದಕರೇ,

ಕ್ಯಾಲಿಫೋರ್ನಿಯಾದಲ್ಲಿ ಕಾಡ್ಗಿಚ್ಚು ಹತ್ತಿದಾಗೆಲ್ಲ ವಿದೇಶ ಪುಟದಲ್ಲಿ ದೊಡ್ಡ ಫೋಟೋ ಬರುತ್ತೆ, ಬೆಂಕಿ ಆರಿದ್ಮೇಲೆ ಆ ಊರುಗಳ ಸುದ್ದಿನೇ ಇರಲ್ಲ, ಅದಕ್ಕೇ ಈ ಪತ್ರ. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತಲಿನ ಬೇ ಏರಿಯಾದಲ್ಲಿರೋ ನಮ್ಮ ಕನ್ನಡದವರು ಊರಿಂದ ಅಪ್ಪ ಅಮ್ಮ ಬಂದ್ರೆ ಮುಗಿಲೆತ್ತರದ ರೆಡ್‌ವುಡ್ ಮರ ತೋರಿಸೋಕೆ ಬಿಗ್ ಬೇಸಿನ್ ಅನ್ನೋ ಕಾಡಿನ ಪಾರ್ಕ್‌ಗೆ ಕರ್ಕೊಂಡು ಹೋಗ್ತಾರೆ, ಅದಕ್ಕೆ ಹತ್ತಿರದ ಊರೇ ಬೌಲ್ಡರ್ ಕ್ರೀಕ್, ಸಾಂತಾ ಕ್ರೂಜ್ ಬೆಟ್ಟಗಳ ಮಧ್ಯೆ ಹೈವೇ 9ರ ಮೇಲೆ ಸುಮಾರು 5 ಸಾವಿರ ಜನ ಇರೋ ಜಾಗ.

ಈ ಊರಿಗೆ ಮೇಯರ್ ಇಲ್ಲ, ಕೌನ್ಸಿಲ್ ಇಲ್ಲ. ನಮ್ಮಲ್ಲಿ ನಾಲ್ಕು ಮನೆಯ ಹಳ್ಳಿನೂ ಯಾವ್ದಾದ್ರೂ ಗ್ರಾಮ ಪಂಚಾಯ್ತಿಗೆ ಸೇರಿರುತ್ತೆ, ಇಲ್ಲಿ ಪೊಲೀಸು, ಮನೆ ಕಟ್ಟೋ ಪರ್ಮಿಟ್ಟು ಎಲ್ಲಾ ಕೌಂಟಿ (ನಮ್ಮ ಜಿಲ್ಲೆ ಥರ) ಕೈಲಿ, ಅದನ್ನ ನಡೆಸೋ 5 ಜನ ಚುನಾಯಿತ ಸೂಪರ್‌ವೈಸರ್‌ಗಳಲ್ಲಿ ಇವರ ಕಡೆಯವರು ಒಬ್ರೇ. ನೀರಿಗೆ ಬೇರೆ ಬೋರ್ಡು, ಬೆಂಕಿ ಆರಿಸೋಕೆ ಊರಿನ ವಾಲಂಟಿಯರ್‌ಗಳು. ಮಾಮೂಲಿ ದಿನಗಳಿಗೆ ಇಷ್ಟು ಸಾಕು.

2020ರ ಆಗಸ್ಟ್ 16ರ ಬೆಳಗಿನ ಜಾವ ಮಳೆ ಇಲ್ದೆ ಬರೀ ಸಿಡಿಲು ಹೊಡೆದು ಹತ್ಕೊಂಡ ಬೆಂಕಿಗೆ 86 ಸಾವಿರ ಎಕರೆ ಸುಟ್ಟೋಯ್ತು, ಕೌಂಟಿಲಿ 900ಕ್ಕೂ ಹೆಚ್ಚು ಮನೆ ಹೋದ್ವು. ನೀರಿನ ಪ್ಲಾಸ್ಟಿಕ್ ಪೈಪುಗಳು ಕರಗಿ ಕೆಲವು ಕಡೆ ನಲ್ಲಿ ನೀರಲ್ಲಿ ಬೆಂಜೀನ್ ಅನ್ನೋ ಕ್ಯಾನ್ಸರ್ ತರೋ ರಾಸಾಯನಿಕ ಸಿಕ್ತು, ಕಾಯಿಸಿ ಕುಡಿಯೋ ಹಾಗೂ ಇಲ್ಲ, ಕಾಯಿಸಿದ್ರೆ ಅದು ಆವಿಯಾಗಿ ಮನೆ ಗಾಳಿಗೇ ಸೇರುತ್ತೆ. ಮನೆ ಮತ್ತೆ ಕಟ್ಟೋಣ ಅಂದ್ರೆ ಗುಡ್ಡ ಜರಿಯುತ್ತಾ ಅಂತ ಜಿಯಾಲಜಿಸ್ಟ್ ರಿಪೋರ್ಟು, ಹೊಸ ರೂಲ್ಸ್ ಪ್ರಕಾರ ಸೆಪ್ಟಿಕ್ ಟ್ಯಾಂಕು, ಫೈರ್ ಟ್ರಕ್ ಹೋಗೋವಷ್ಟು ಅಗಲದ ದಾರಿ, ಇದಕ್ಕೆಲ್ಲಾ ಎಷ್ಟೋ ಜನಕ್ಕೆ ಇನ್ಶೂರೆನ್ಸ್ ದುಡ್ಡೂ ಸಾಲ್ಲಿಲ್ಲ. ವರ್ಷಗಳಾದ್ರೂ ಚಿಮಣಿ ಮಾತ್ರ ನಿಂತಿರೋ ಸೈಟುಗಳು ಉಳಿದ್ವು. ಇವರ ಪರವಾಗಿ ಕೇಳೋಕೆ ಊರಿಗೇ ಅಂತ ಒಂದು ಆಫೀಸ್ ಇದ್ದಿದ್ರೆ ಇಷ್ಟು ಲೇಟ್ ಆಗ್ತಿರ್ಲಿಲ್ಲ ಅಂತ ನಂಗೆ ಬಲವಾಗಿ ಅನ್ಸುತ್ತೆ.

ಮರಗಳ ಕತೆ ಬೇರೆ. 1902ರಲ್ಲಿ ಶುರುವಾದ ಬಿಗ್ ಬೇಸಿನ್, ಕ್ಯಾಲಿಫೋರ್ನಿಯಾದ ಅತಿ ಹಳೇ ಸ್ಟೇಟ್ ಪಾರ್ಕ್, ಹೆಚ್ಚೂಕಮ್ಮಿ ಪೂರ್ತಿ ಸುಟ್ಟಿತ್ತು. ಹತ್ರ ಹೋಗಿ ನೋಡಿ, ತೊಗಟೆ ಮುಟ್ಟಿದ್ರೆ ಬೆರಳಿಗೆ ಮಸಿ, ಆದ್ರೆ ಅದೇ ಕರೀ ತೊಗಟೆ ಸೀಳ್ಕೊಂಡು ಬುಡದಿಂದ ಮೇಲಿನವರೆಗೂ ಕಾಂಡದಿಂದ್ಲೇ ಹಸಿರು ಚಿಗುರು. ಆ ದಪ್ಪ ತೊಗಟೆನೇ ಸಾವಿರ ವರ್ಷಕ್ಕೂ ಹಳೇ ಮರಗಳನ್ನ ಉಳಿಸಿದ್ದು.

2022ರಿಂದ ಪಾರ್ಕ್ ಸ್ವಲ್ಪ ಸ್ವಲ್ಪವಾಗಿ ತೆರೀತಿದೆ, ಹೋಗೋ ಮುಂಚೆ ಪಾರ್ಕಿಂಗ್ ಬುಕಿಂಗ್ ನೋಡ್ಕೊಳ್ಳಿ. ಆದ್ರೆ ಬುತ್ತಿ ಕಟ್ಕೊಂಡು ಹೋಗಿ ಹಾಗೇ ವಾಪಸ್ ಬಂದ್ಬಿಡ್ಬೇಡಿ, ಬೌಲ್ಡರ್ ಕ್ರೀಕ್‌ನಲ್ಲಿ ಕಾರ್ ನಿಲ್ಸಿ, ಕಾಫಿ ಕುಡೀರಿ, ಅಂಗಡಿಯವರ ಹತ್ರ ಮಾತಾಡಿ. ಸಂಪಾದಕರೇ, ಇನ್ಮುಂದೆ ಕಾಡ್ಗಿಚ್ಚಿನ ಫೋಟೋ ಹಾಕಿದ್ರೆ ಒಂದೆರಡು ವರ್ಷ ಬಿಟ್ಟು ಅದೇ ಊರಿಂದ ಇನ್ನೊಂದು ವರದಿನೂ ತರ್ಸಿ.

— ಒಬ್ಬ ಓದುಗ, ಸ್ಯಾನ್ ಹೋಸೆ